ನಲವತ್ತನಾಲ್ಕನೆಯ ಹೂಜಿ

ಗಂಟು ಮತ್ತೆ ಜಾರಿತು. ಪರ್ವು ಟವೆಲಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಹೂಜಿಯ ಕತ್ತಿಗೆ ಇನ್ನೊಂದು ಸುತ್ತು ತಂದು, ಮೇಣದಬತ್ತಿಯನ್ನು ಅದರೊಳಗೆ ಸಿಕ್ಕಿಸಿ, ಬಲಗೈಯ ನಡುವಿನ ಎರಡು ಬೆರಳುಗಳಿಂದ ಕುಣಿಕೆ ಎಳೆಯಲು ನೋಡಿದ. ಆ ಎರಡು ಬೆರಳಿಗೆ ಉಗುರಿಲ್ಲ. ಹದಿನಾಲ್ಕು ವರ್ಷದಿಂದ ಇಲ್ಲ. ಉಳಿದ ಎಂಟು ಉಗುರುಗಳ ಸಂದಿಯಲ್ಲಿ ಗಣಿಯ ಕಪ್ಪು ಎಷ್ಟು ತಿಕ್ಕಿದರೂ ಹೋಗದೆ ಕೂತಿತ್ತು. ಬೆಳಿಗ್ಗೆಯಿಂದ ಬೂದಿ ಹಾಕಿ, ಸೋಪು ಹಾಕಿ, ಕೊನೆಗೆ ನಿಂಬೆಹೋಳು ಹಾಕಿ ತಿಕ್ಕಿದ್ದ. ಬಿಳಿ ಟವೆಲಿನ ಮೇಲೆ ಹೆಬ್ಬೆರಳಿನ ಒಂದು ಬೂದುಬಣ್ಣದ ಗುರುತು ಬಿದ್ದೇಬಿಟ್ಟಿತು. ಅವನು ಅದನ್ನು ಒಳಮಡಿಕೆಗೆ ಸರಿಸಿದ.

"ಅಲ್ರೀ, ನಲವತ್ತಮೂರು ಹೂಜಿಗೆ ನಾನು ಕಟ್ಟಿದೀನಿ. ಇದೊಂದಕ್ಕೆ ಏನು ಹಠ ನಿಮ್ದು? ಕೊಡಿ ಇಲ್ಲಿ" ಎಂದಳು ಹೆಂಡತಿ ವೇತ, ಹಂಡೆಯ ಮುಚ್ಚಳ ಎತ್ತಿ ಕೋಸಿನೆಲೆಯಲ್ಲಿ ಸುತ್ತಿದ ಮಾಂಸದ ಉಂಡೆಗಳನ್ನು ಸೌಟಿನಿಂದ ಒತ್ತಿ ನೋಡುತ್ತ.

"ನಾನೇ ಕಟ್ತೀನಿ."

"ಕಟ್ಟಿ, ಕಟ್ಟಿ. ಪಾದ್ರಿಗಳು ಬಂದು ನಿಮ್ಮ ಆತ್ಮಕ್ಕೆ ಪ್ರಾರ್ಥನೆ ಹೇಳಿ ಮುಗಿಸೋ ಹೊತ್ತಿಗೂ ಆತ್ಮ ಅಡುಗೆಮನೇಲಿ ಟವೆಲ್ ಜೊತೆ ಗುದ್ದಾಡ್ತಾ ಇರುತ್ತೆ."

ಇವತ್ತು ಅವನ ತಿಥಿ. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಎರಡು ಕಾಲಿನ ಮೇಲೆ ನೆಟ್ಟಗೆ ನಿಂತುಕೊಂಡು, ಪರ್ವು ತನ್ನ ತಿಥಿಯನ್ನು ತಾನೇ ಮಾಡುತ್ತಿದ್ದ. ಓಲ್ತೇತ್ಸ್ ನದಿಯ ದಂಡೆಯ ಊರುಗಳಲ್ಲಿ ಕೈಲಾದವರು ಮಾಡುವುದೇ ಹಾಗೆ. ಆಚೆಲೋಕದಲ್ಲಿ ಬೇಕಾಗುವುದನ್ನು ಬದುಕಿರುವಾಗಲೇ ತಮ್ಮ ಕೈಯಾರೆ ನೆರೆಯವರಿಗೆ ಕೊಟ್ಟುಬಿಡುವುದು. ಹೂಜಿ ಕೊಟ್ಟರೆ ಆಚೆ ನೀರು. ಬತ್ತಿ ಕೊಟ್ಟರೆ ಬೆಳಕು. ತೆಗೆದುಕೊಂಡವರು 'ಸಲ್ಲಲಿ' ಎನ್ನಬೇಕು. ಅನ್ನದಿದ್ದರೆ ಆ ವಸ್ತು ದಾಟಲಿಲ್ಲ. ನಲವತ್ತಮೂರು ಬತ್ತಿ ಆಚೆ ಮುಟ್ಟಿದ ಮೇಲೆ ಉರಿಯುವಂಥವು, ನಲವತ್ತನಾಲ್ಕನೆಯದು ಮಾತ್ರ ದಾಟುವ ಹೊತ್ತಿನದು, ಅದನ್ನು ತಾವು ನೋಯಿಸಿದವರ ಕೈಗೇ ಕೊಡಬೇಕು ಎಂದು ಅವನ ತಾಯಿ ಹೇಳುತ್ತಿದ್ದಳು. ತಾಯಿ ತನ್ನ ನಲವತ್ತನಾಲ್ಕನೆಯದನ್ನು, ಮೂವತ್ತು ವರ್ಷ ಮಾತುಬಿಟ್ಟಿದ್ದ ಓರಗಿತ್ತಿಗೆ ಕೊಟ್ಟಿದ್ದಳು. ಅವನದು ಲಿಕ್ಸಾಂದ್ರಳಿಗೆ, ಗಣಿಯಲ್ಲಿ ಸತ್ತ ದೋಬ್ರೆಯ ಹೆಂಡತಿಗೆ. ಈ ಟವೆಲುಗಳನ್ನು ನೇಯ್ದವಳೂ ಅವಳೇ. ಬೇಸಗೆಯಿಡೀ ಅವಳ ಮಗ್ಗದ ಸದ್ದು ಕೇಳಿದಾಗೆಲ್ಲ ಪರ್ವುವಿಗೆ ತನ್ನ ಸಾವನ್ನು ಯಾರೋ ಎಳೆ ಎಳೆಯಾಗಿ ನೇಯುತ್ತಿದ್ದಾರೆ ಅನ್ನಿಸುತ್ತಿತ್ತು. ಆದರೂ ಆ ದಾರಿಯಲ್ಲೇ ಗಣಿಗೆ ಹೋಗುತ್ತಿದ್ದ.

ಕೊನೆಗೂ ಗಂಟು ನಿಂತಿತು. ಅವನು ಕೋಟಿನ ಜೇಬು ಮುಟ್ಟಿ ನೋಡಿಕೊಂಡ. ತಗಡಿನ ಸಣ್ಣ ಹೊಗೆಸೊಪ್ಪಿನ ಡಬ್ಬಿ ಅಲ್ಲೇ ಇತ್ತು. ವೇತ ನೋಡಿಬಿಟ್ಟಳು.

"ಅದನ್ನ ಒಳಗಿಟ್ಟು ಬನ್ನಿ" ಎಂದಳು, ಈ ಸಲ ದನಿ ತಗ್ಗಿಸಿ. "ಸಾಯೋವಾಗ ಗಂಡನ ಕೈಲಿ ಬತ್ತಿ ಇತ್ತು ಅಂತ ಲಿಕ್ಸಾಂದ್ರ ನೆಮ್ಮದಿಯಾಗಿದಾಳೆ. ನಿಮ್ಮ ಹೊಟ್ಟೆ ಹಗುರ ಮಾಡ್ಕೊಳ್ಳೋಕೆ ಅವಳ ನಿದ್ದೆ ಯಾಕೆ ಕೆಡಿಸ್ತೀರಾ?"

ಅವನು ಹೂಜಿಯನ್ನು ಎದೆಗವಚಿಕೊಂಡು ಅಂಗಳಕ್ಕೆ ಬಂದ. ಅಕ್ರೋಟಿನ ಮರದ ಕೆಳಗೆ ಉದ್ದಕ್ಕೆ ಹಲಗೆಗಳನ್ನು ಜೋಡಿಸಿ ಮೇಜು ಮಾಡಿದ್ದರು. ಹಳದಿ ಎಲೆಗಳು ತಟ್ಟೆಗಳ ಮೇಲೆ ಉದುರುತ್ತಿದ್ದವು, ಯಾರೂ ತೆಗೆಯುತ್ತಿರಲಿಲ್ಲ. ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸಿ ಕಟ್ಟಿದ ಗುಡ್ಡದ ಮೇಲೆ ಅಕ್ರೋಟಿನ ಬೀಜಗಳಿಂದ ಶಿಲುಬೆ ಮಾಡಿ, ಅದರ ಕೆಳಗೆ ಅವನ ಹೆಸರು ಬರೆದಿದ್ದರು. ತನ್ನ ಹೆಸರನ್ನು ಸಿಹಿಯಲ್ಲಿ ಬರೆದದ್ದನ್ನು ನೋಡಿ ಅವನಿಗೆ ನಾಚಿಕೆಯಾಯಿತು. ಆ ಅಕ್ಷರಗಳನ್ನು ಕಲಿತದ್ದು ಮೂವತ್ತೈದನೆಯ ವಯಸ್ಸಿಗೆ, ಚರ್ಚಿನ ಘಂಟೆ ಬಾರಿಸುವವನಿಂದ. ಅಲ್ಲಿಯವರೆಗೆ ಹೇಸರಗತ್ತೆಯ ಮೇಲೆ ಉಪ್ಪು, ಸೂಜಿ, ದೀಪದೆಣ್ಣೆ ಹೇರಿಕೊಂಡು ಬೆಟ್ಟದ ಮನೆಗಳಿಗೆ ಅಲೆಯುತ್ತಿದ್ದವನಿಗೆ ನೆನಪೇ ಪುಸ್ತಕ. ಯಾವ ಮನೆಯಲ್ಲಿ ಉಪ್ಪು ಯಾವಾಗ ಮುಗಿಯುತ್ತದೆ ಎಂದು ಆ ಮನೆಯವರಿಗಿಂತ ಮೊದಲು ಅವನಿಗೆ ತಿಳಿದಿರುತ್ತಿತ್ತು. ಹಾಗೆ ಹೋದ ಒಂದು ಮನೆಯಲ್ಲೇ ಮುದುಕಿಯೊಬ್ಬಳು ಬಟ್ಟೆಯಲ್ಲಿ ಕಟ್ಟಿದ ಕರಿಕಲ್ಲಿನಿಂದ ಕಬ್ಬಿಣದ ಒಲೆ ಉಜ್ಜುತ್ತಿದ್ದಳು. ಒಲೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಎಲ್ಲಿಯದಮ್ಮ ಇದು ಎಂದರೆ, ಹಿಂದಿನ ಕಣಿವೆಯದು ಕಣಪ್ಪ, ನಮ್ಮ ಕೋಳಿಗಳು ಕೆದಕಿ ಕಾಲು ಕಪ್ಪು ಮಾಡ್ಕೊಂಡು ಬರ್ತಾವೆ, ಹಾಳಾದ್ದು ಎಂದಳು. ನೂರಾರು ವರ್ಷ ಎಲ್ಲರೂ ಆ ಕೋಳಿಗಳನ್ನು ಬೈದಿದ್ದರು. ಅವನೊಬ್ಬ ಕೋಳಿಗಳ ಹಿಂದೆ ಹೋದ. ಉಪ್ಪಿನ ಮೂಟೆ ಖಾಲಿ ಮಾಡಿ, ಕರಿಕಲ್ಲು ತುಂಬಿ, ಕಣಿವೆ ದಾಟಿ ಪಟ್ಟಣದ ಕಬ್ಬಿಣದ ಕಾರ್ಖಾನೆಗೆ ಹೊತ್ತುಕೊಂಡು ಹೋದಾಗ ಅಲ್ಲಿಯ ಮೇಸ್ತ್ರಿ ಚಿಟಿಕೆ ತೆಗೆದು ಬೆರಳುಗಳ ನಡುವೆ ಹೊಸಕಿ, ಒಳಗೆ ಹೋಗಿ ಕುರ್ಚಿ ತಂದ. ಪರ್ವುವಿನ ಜೀವನದಲ್ಲಿ ಅವನಿಗೆ ಬೇರೆಯವರು ತಂದುಕೊಟ್ಟ ಮೊದಲ ಕುರ್ಚಿ ಅದು. ಗ್ರಾಫೈಟ್ ಎಂಬ ಹೆಸರನ್ನೂ ಅದರಿಂದ ಪೆನ್ಸಿಲ್ಲೂ ಲೋಹ ಕರಗಿಸುವ ಮೂಸೆಗಳೂ ಆಗುತ್ತವೆ ಎಂಬುದನ್ನೂ ಆ ಕುರ್ಚಿಯ ತುದಿಯಲ್ಲಿ ಕೂತು ಕೇಳಿಸಿಕೊಂಡ.

"ಬಂದ್ನಪ್ಪಾ ಸತ್ತೋನು!" ಗ್ಲಿಗೋರ್ ಮೇಜಿನ ತುದಿಯಿಂದ ಕೂಗಿದ. ಆ ಕಣಿವೆಯಲ್ಲಿ ಪರ್ವು ಗಣಿ ತೆರೆದಾಗ ಮೊದಲ ಸುರಂಗವನ್ನು ಅವನ ಜೊತೆ ಅಗೆದವನು. ಈಗ ಗಣಿಯ ಹಿರಿಯ ಮೇಸ್ತ್ರಿ, ಹಲ್ಲು ಮೂರೇ ಉಳಿದಿದ್ದವು. "ಸತ್ತೋನೇ ಬಂದು ಬಡಿಸೋ ತಿಥಿ ಊಟ ಇನ್ನೆಲ್ಲಿ ಸಿಗುತ್ತೆ? ಬಾ ಪರ್ವು, ನಿನ್ನ ಪಾಲಿನ ಸಾರಾಯಿ ಆಚೆ ಕಮ್ಮಿ ಆಗದ ಹಾಗೆ ನಾನು ಇಲ್ಲಿ ಕುಡೀತಾ ಇದೀನಿ. ಕಷ್ಟದ ಕೆಲಸ, ಆದ್ರೂ ಸ್ನೇಹ ನೋಡು."

"ಬೆಳಿಗ್ಗೆಯಿಂದ ನೀನು ಕುಡಿದಿದ್ರಲ್ಲಿ ನಾನು ಆಚೆ ಅಂಗಡಿ ಇಡಬಹುದು."

"ಇಡ್ತೀಯ ಕಣೋ, ನಂಗೆ ಗೊತ್ತಿಲ್ವಾ! ಅಲ್ಲೂ ಯಾವುದಾದ್ರೂ ಕೋಳಿ ಹಿಂದೆ ಹೋಗ್ತೀಯ. ಒಂದು ವಾರಕ್ಕೆ ಸ್ವರ್ಗದ ಕೆಳಗೆ ಸುರಂಗ."

ಎಲ್ಲರೂ ನಕ್ಕರು. ಅವರ ಮುಖಗಳನ್ನು ನೋಡುತ್ತ ಪರ್ವು ನಿಂತ. ಸ್ನಾನ ಮಾಡಿ ಬಂದ ಮುಖಗಳು. ಪಾಳಿ ಮುಗಿಸಿದವರು ಕರ್ರಗೆ ಮನೆಗೆ ಹೋಗಬಾರದು ಎಂದು ಅವನು ಗಣಿಯ ಬಾಗಿಲಲ್ಲೇ ಬಿಸಿನೀರಿನ ಸ್ನಾನದಮನೆ ಕಟ್ಟಿಸಿದಾಗ ಸುತ್ತಲಿನ ಗಣಿ ಮಾಲೀಕರೆಲ್ಲ ಅವನನ್ನು ಹುಚ್ಚ ಎಂದಿದ್ದರು. ಸ್ನಾನದಮನೆಗೆ ಮುಂಚೆ ಈ ಊರಿನ ಹೆಂಗಸರು ಗಂಡಂದಿರ ದಿಂಬುಗಳನ್ನು ಬೇರೆ ಒಗೆಯುತ್ತಿದ್ದರು. ಇವರೆಲ್ಲ ತನ್ನನ್ನು ಮೆಚ್ಚುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಆ ಮೆಚ್ಚುಗೆ ಹೊಸ ಬೂಟಿನಂತೆ, ನಡೆದಲ್ಲೆಲ್ಲ ಸದ್ದು ಮಾಡುತ್ತ, ಎಲ್ಲೋ ಒಂದು ಕಡೆ ಕಚ್ಚುತ್ತ ಇರುತ್ತಿತ್ತು. ಈ ಊರಿನಲ್ಲಿ ಪ್ರತಿಯೊಬ್ಬ ಗಂಡಸೂ ಈಸ್ಟರ್ ರಾತ್ರಿ ಚರ್ಚಿನಲ್ಲಿ ಹಚ್ಚಿ ತಂದ ಬತ್ತಿಯ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡೇ ಸುರಂಗಕ್ಕೆ ಇಳಿಯುತ್ತಿದ್ದ. ಪ್ರಾಣ ಹೋಗುವಾಗ ಕೈಯಲ್ಲಿ ಬತ್ತಿ ಉರಿಯದಿದ್ದರೆ ಆ ಜೀವ ಆಚೆ ಕತ್ತಲಲ್ಲೇ ತಡಕಾಡುತ್ತದೆ. ಗಣಿಯಲ್ಲಿ ಸಾವು ಹೇಳಿ ಬರುವುದಿಲ್ಲವಲ್ಲ. ಪರ್ವುವಿನ ಜೇಬಿನಲ್ಲೂ ಇತ್ತು. ಬೆಟ್ಟದಾಚೆಯ ಕಲ್ಲಿದ್ದಲು ಗಣಿಗೆ ದೀಪ ಕೊಳ್ಳಲು ಹೋದ ಆ ವಸಂತದವರೆಗೆ ಇತ್ತು. ಅವನು ಮುಟ್ಟಿದ ದಿನವೇ ಅಲ್ಲಿ ಸುರಂಗದ ಕೆಟ್ಟ ಗಾಳಿಗೆ ತೆರೆದ ದೀಪದಿಂದ ಬೆಂಕಿ ಹೊತ್ತಿ, ಮೂವತ್ತೊಂದು ಜನರನ್ನು ಹುಲ್ಲಿನ ಮೇಲೆ ಸಾಲಾಗಿ ಮಲಗಿಸಿದ್ದರು. ಎಲ್ಲರ ತುಟಿಗಳೂ ಒಂದೇ ಥರ ಹಿಂದಕ್ಕೆ ಸರಿದು ಹಲ್ಲು ಕಾಣುತ್ತಿದ್ದವು, ಎಲ್ಲರೂ ಒಂದೇ ಹಾಸ್ಯಕ್ಕೆ ನಕ್ಕಂತೆ. ಅವನು ತಲೆ ಎಣಿಸಲಿಲ್ಲ, ಬೂಟು ಎಣಿಸಿದ. ಮನೆಗೆ ಬಂದವನು ಮೂರು ದಿನ ಅನ್ನ ಮುಟ್ಟದೆ, ನಾಲ್ಕನೆಯ ದಿನ ಗಣಿಯ ಬಾಗಿಲಲ್ಲಿ ಒಂದು ಬಿಸ್ಕತ್ತಿನ ಡಬ್ಬ ಹಿಡಿದು ನಿಂತ. ಗಾಜಿನೊಳಗೆ ಮುಚ್ಚಿದ ಹೊಸ ದೀಪ ಕೊಡುತ್ತ, ಬತ್ತಿ ಇಸಿದುಕೊಳ್ಳುತ್ತಿದ್ದ. ಸಂಜೆ ವಾಪಸು. ತಮ್ಮ ತಮ್ಮದು ಗುರುತು ಸಿಗಲೆಂದು ಹೆಂಗಸರು ಬತ್ತಿಗಳಿಗೆ ಬಣ್ಣದ ದಾರ ಸುತ್ತಿ ಕಳಿಸತೊಡಗಿದರು. ಜನ ಗೊಣಗಿದರು, ಬೈದರು, ಒಬ್ಬ ಬೂಟಿನಲ್ಲಿ ಬಚ್ಚಿಟ್ಟು ಸಿಕ್ಕಿಬಿದ್ದ. ಪರ್ವು ಮಣಿಯಲಿಲ್ಲ. ಆ ದಿನಗಳಲ್ಲಿ ಅವನಿಗೆ ತನ್ನ ಹಠವೇ ದೇವರಾಗಿತ್ತು.

ಏಳನೆಯ ವರ್ಷ ರಾಜಧಾನಿಯಿಂದ ಬಂದ ಎಂಜಿನಿಯರ್ ಡಬ್ಬವನ್ನು ನೋಡಿ, ಇದೇನು ಎಂದು ಕೇಳಿ, ಅರ್ಥವಾದ ಮೇಲೆ ನಕ್ಕುಬಿಟ್ಟ. ಒಳ್ಳೆಯ ಮನುಷ್ಯ, ಕೆಣಕಲು ನಕ್ಕದ್ದಲ್ಲ. ಪರ್ವು ಜವೊಯಾನು ಅವರೇ, ಇದು ಕಲ್ಲಿದ್ದಲಲ್ಲ, ನಿಮ್ಮ ಗಣಿಯಲ್ಲಿ ಹೊತ್ತುವಂಥ ಗಾಳಿಯೇ ಇಲ್ಲ. ನಾನು ಎಲ್ಲ ಮೂಲೆಯನ್ನೂ ಪರೀಕ್ಷಿಸಿದ್ದೇನೆ. ಒಳಗೆ ಬೇಕಾದರೆ ಈಸ್ಟರ್ ಹಬ್ಬವನ್ನೇ ಮಾಡಿ ಎಂದ. ಆಫೀಸಿನಲ್ಲಿ ಇಬ್ಬರೇ ಇದ್ದರು. ಪರ್ವುವಿನ ಕಿವಿ ಬಿಸಿಯಾಯಿತು. ಉಪ್ಪು ಮಾರುವವನಾಗಿದ್ದಾಗ ದೊಡ್ಡಮನೆಯ ನಾಯಿಗಳನ್ನು ಛೂ ಬಿಟ್ಟು ಯಜಮಾನ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಾಗ ಆದಂತೆ. ಏಳು ವರ್ಷ ಜನರ ಜೇಬಿಗೆ ಕೈಹಾಕಿದ್ದು ಸುಮ್ಮನೆ ಎಂದು ನಾಳೆ ಬಾಗಿಲಲ್ಲಿ ನಿಂತು ಹೇಳಬೇಕು. ಗ್ಲಿಗೋರ್ ನಗುತ್ತಾನೆ. ಸುಗ್ಗಿಯವರೆಗೆ ಊರೆಲ್ಲ ನಗುತ್ತದೆ. ಮುಂದಿನ ಸೋಮವಾರ ಹೇಳೋಣ ಎಂದುಕೊಂಡ. ಎಷ್ಟೋ ಸೋಮವಾರಗಳು ಹೋದವು. ಎಂಜಿನಿಯರ್ ಬಂದುಹೋಗಿ ಎರಡು ವರ್ಷಕ್ಕೆ, ಹಿಮ ಕರಗುವ ತಿಂಗಳಲ್ಲಿ, ಮೂರನೆಯ ಸುರಂಗದ ಛಾವಣಿ ಸೋಪಿನ ಹಾಗೆ ಜಾರಿ ಇಳಿಯಿತು. ಎಲ್ಲರೂ ಹೊರಗೆ ಓಡಿದರು, ದೋಬ್ರೆ ಉಳಿದ. ಅರವತ್ತು ವರ್ಷದ ಮಾಲೀಕ ಮೂರು ದಿನ ಹೊರಗೆ ಬರದೆ ಅಗೆದ. ಗುದ್ದಲಿ ತಾಕಿದರೆ ಛಾವಣಿ ಮತ್ತೆ ಜಾರುತ್ತಿದ್ದುದರಿಂದ ಕೊನೆಯ ಭಾಗವನ್ನು ಕೈಯಲ್ಲೇ ಬಗೆದ. ದೋಬ್ರೆಯ ಮೈಮೇಲೆ ಒಂದು ಗೀರೂ ಇರಲಿಲ್ಲ. ಉಸಿರು ಸಾಲದೆ ಹೋಗಿದ್ದ, ನಿಧಾನವಾಗಿ. ಎದೆಯ ಮೇಲಿನ ಜೇಬಿನ ಒಳಬಟ್ಟೆಯೆಲ್ಲ ಹೊರಕ್ಕೆ ಬಂದಿತ್ತು, ತಿರುವಿಹಾಕಿದ ಚೀಲದಂತೆ. ಕತ್ತಲಲ್ಲಿ, ಅದು ಅಲ್ಲಿಲ್ಲವೆಂದು ಗೊತ್ತಿದ್ದೂ, ಅವನು ಎಷ್ಟು ಸಲ ಹುಡುಕಿದ್ದನೋ. ಬೇರೆಯವರು ದೀಪ ತರುವ ಮೊದಲು ಪರ್ವು ಆ ಜೇಬನ್ನು ಬೆರಳಿನಿಂದ ಒಳಗೆ ತಳ್ಳಿದ. ಹೊರಗೆ ಬಂದಾಗ ಲಿಕ್ಸಾಂದ್ರ ಅತ್ತಿರಲಿಲ್ಲ. ಕೇಳಿದ್ದು ಒಂದೇ ಮಾತು: ಬತ್ತಿ? ಅವತ್ತು ಅವನು ಡಬ್ಬಕ್ಕೆ ಹಾಕಿರಲಿಲ್ಲ ಕಣಮ್ಮ, ಕೈಯಲ್ಲಿತ್ತು ಎಂದ ಪರ್ವು. ಡಬ್ಬದಲ್ಲಿ ಆ ಸಂಜೆ ಕೆಂಪು ದಾರ ಸುತ್ತಿದ ಒಂದೇ ಒಂದು ತುಂಡು ಉಳಿದಿತ್ತು. ಮುಂದಿನ ಸೋಮವಾರದಿಂದ ಬಾಗಿಲಲ್ಲಿ ಡಬ್ಬ ಇರಲಿಲ್ಲ. ದುಃಖಕ್ಕೆ ತೆಗೆದ, ಪಾಪ, ಎಂದರು ಜನ.

ಪಾದ್ರಿ ಸೊಫ್ರೋನಿಯೆ ಬಂದರು, ಧೂಪದ ಹೊಗೆಯಲ್ಲಿ ಕೆಮ್ಮುತ್ತ ಪ್ರಾರ್ಥನೆ ಹೇಳಿದರು, ಗೋಧಿಯ ತಟ್ಟೆಯನ್ನು ಎಲ್ಲರೂ ಕೈಹಚ್ಚಿ ಮೇಲೆತ್ತಿ ತೂಗಿದರು. ಪರ್ವುವೂ ಕೈಹಚ್ಚಿದ. ಹೂಜಿಗಳನ್ನು ಒಂದೊಂದಾಗಿ ಕೊಡುತ್ತ ಬಂದ. ನೀರು, ಬೆಳಕು, ತಗೋ. ಸಲ್ಲಲಿ ಪರ್ವು ಮಾವ. ಸಲ್ಲಲಿ ಅಣ್ಣ. ಗ್ಲಿಗೋರ್ ತನ್ನ ಹೂಜಿಯೊಳಗೆ ಮೂಗಿಟ್ಟು, "ನೀರಾ? ಬರೀ ನೀರಾ? ಸಲ್ಲಲಿ, ಪಾಪ, ನಿನ್ನ ಹಣೆಬರಹ" ಎಂದ. ಪ್ರತಿ ಮಾತಿಗೂ ಪರ್ವುವಿನ ಎದೆಯಲ್ಲಿ ಏನೋ ಒಂದು ಹಗುರವಾಗುವ ಬದಲು ಎಲ್ಲ ಭಾರವೂ ಸರಿದು ಒಂದೇ ಕಡೆ ಬಂದು ಕೂರುತ್ತಿತ್ತು. ಲಿಕ್ಸಾಂದ್ರ ಮೇಜಿನ ಕೊನೆಯಲ್ಲಿ ಕೂತಿದ್ದಳು. ಐವತ್ತು ದಾಟಿದ ಹೆಂಗಸು, ಕರಿಯ ತಲೆವಸ್ತ್ರ, ನೇಕಾರಳ ದಪ್ಪ ಗೆಣ್ಣಿನ ಬೆರಳುಗಳು. ಅವನು ಬರುವುದನ್ನು ನೋಡಿ ಎದ್ದು, ಏಪ್ರನ್ನಿಗೆ ಕೈ ಒರೆಸಿ, ಎರಡೂ ಕೈ ನೀಡಿದಳು.

"ತಗೋ ಲಿಕ್ಸಾಂದ್ರ. ನೀರು, ಬೆಳಕು." ಹೂಜಿ ಅವಳ ಕೈ ಸೇರಿತು. ಅವಳು ಬಾಯಿ ತೆರೆಯುವ ಮೊದಲೇ, "ತಡಿ. ಈಗಲೇ ಅನ್ನಬೇಡ" ಎಂದ.

ಹೊಗೆಸೊಪ್ಪಿನ ಡಬ್ಬಿಯ ಮುಚ್ಚಳ ಉಗುರಿಲ್ಲದ ಬೆರಳಿಗೆ ಏಳಲಿಲ್ಲ. ಎಡಗೈಯಲ್ಲಿ ತೆಗೆದ. ಎರಡು ಅಂಗುಲದ ಬತ್ತಿಯ ತುಂಡು, ಕೆಂಪು ದಾರ ಮಾಸಿ ಕಂದಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ವೇತ ಸೌಟು ಹಿಡಿದು ನಿಂತಿದ್ದಳು.

"ಅವತ್ತು ಇದು ಅವನ ಕೈಲಿ ಇರಲಿಲ್ಲ. ಬೆಳಿಗ್ಗೆ ನಾನೇ ಇಸ್ಕೊಂಡಿದ್ದೆ. ನಿಂಗೆ ಸುಳ್ಳು ಹೇಳ್ದೆ."

"ಗೊತ್ತು" ಎಂದಳು ಲಿಕ್ಸಾಂದ್ರ.

ಅವನಿಗೆ ಅರ್ಥವಾಗಲಿಲ್ಲ.

"ಮೈ ತೊಳೆದೋಳು ನಾನಲ್ವಾ ಪರ್ವಣ್ಣ? ಕೈಲಿ ಬತ್ತಿ ಉರಿದಿದ್ರೆ ಒಂದು ಹನಿ ಮೇಣನಾದ್ರೂ ಇರ್ತಿತ್ತು. ಜೇಬಿನೊಳಗೆಲ್ಲ ರಕ್ತ ಆಗಿತ್ತು. ಅವನ ಮೈಮೇಲೆ ಒಂದು ಗೀರಿಲ್ಲ, ಜೇಬಲ್ಲಿ ರಕ್ತ." ಅವಳು ಅವನ ಬಲಗೈಯನ್ನು ನೋಡಿದಳು. "ಉಗುರು ಕಿತ್ತೋಗಿದ್ದ ಬೆರಳು ಯಾರದು ಅಂತ ಊರಿಗೇ ಗೊತ್ತಿತ್ತು. ಅವನನ್ನ ಹೊರಗೆ ತರೋಕೆ ಕಿತ್ಕೊಂಡ ಉಗುರು. ಏನಂತ ಕೇಳ್ಲಿ?"

"ಬೈಬಹುದಿತ್ತು."

"ಬೈದೆ. ಒಂದು ವರ್ಷ, ಮಗ್ಗದ ಮುಂದೆ ಕೂತು, ನಿಮ್ಮ ಅಪ್ಪ ಅಮ್ಮನ್ನೂ ಬಿಡಲಿಲ್ಲ." ಯಾರೋ ನಗಲು ಹೋಗಿ ಸುಮ್ಮನಾದರು. "ಆಮೇಲೆ ಅಂದ್ಕೊಂಡೆ, ಆ ಬೆಟ್ಟದಾಚೆಯೋರ ಹಾಗೆ ನಮ್ಮೋರು ಸುಟ್ಟು ಹೋಗಬಾರದು ಅಂತ ತಾನೆ ಇಸ್ಕೊಂಡಿದ್ದು. ಇಲ್ಲಿ ಕೂತಿರೋರೆಲ್ಲ ಜೀವಂತ ಇದಾರಲ್ಲ, ಅದಕ್ಕೇ ಅವನ ಬತ್ತಿ ಹೋಯ್ತು ಅಂದ್ಕೊಂಡೆ. ಹಾಗೆ ಅಂದ್ಕೊಂಡ ಮೇಲೆ ನಿದ್ದೆ ಬಂತು."

ಅವಳು ಡಬ್ಬಿಯಿಂದ ತುಂಡನ್ನು, ಮರೆತುಬಿಟ್ಟುಹೋದ ತನ್ನ ವಸ್ತುವನ್ನು ತೆಗೆದುಕೊಳ್ಳುವಂತೆ, ಎತ್ತಿ ಕುಪ್ಪಸದೊಳಗೆ ಇಟ್ಟುಕೊಂಡಳು. ಹೂಜಿಯನ್ನು ಮತ್ತೆ ಎರಡೂ ಕೈಯಲ್ಲಿ ಹಿಡಿದಳು. ವೇತ ಬಾಗಿಲಲ್ಲಿ ಶಿಲುಬೆಯ ಗುರುತು ಹಾಕಿಕೊಂಡಳು. ಗ್ಲಿಗೋರ್ ತೋಳಿನಿಂದ ಮೂಗು ಒರೆಸಿದ. ಮುಗಿಯಿತು, ಪರ್ವುವಿಗೆ ತಿಳಿಯಿತು, ಇಷ್ಟೇ. ಇನ್ನೊಂದು ಉಸಿರು ಸುಮ್ಮನಿದ್ದರೆ ಸಾಕು. ಅವಳ ತುಟಿಯ ಮೇಲೆ 'ಸಲ್ಲಲಿ' ಆಗಲೇ ಬಂದಿತ್ತು. ಎಂಜಿನಿಯರ್ ಸತ್ತು ಆರು ವರ್ಷ. ಆಫೀಸಿನಲ್ಲಿ ಅವನು ಹೇಳಿದ ಮಾತು ಭೂಮಿಯ ಮೇಲೆ ಈಗ ಒಂದೇ ತಲೆಯೊಳಗಿದೆ, ಆ ತಲೆಯ ಜೊತೆ ಮಣ್ಣಿಗೆ ಹೋಗುತ್ತದೆ. ಅವಳ ನಿದ್ದೆ ಉಳಿಯುತ್ತದೆ. ತನ್ನ ದಾರಿಗೆ ಬೆಳಕಾಗುತ್ತದೆ. ಆದರೆ ಎಂಥ ಬೆಳಕು? ಮತ್ತೆ ಅವಳ ಜೇಬಿಗೆ ಕೈಹಾಕಿ ಇಸಿದುಕೊಂಡ ಬತ್ತಿ. ಅವನಿಗೆ ಕಿವಿ ಬಿಸಿಯಾಗುವುದು ತಿಳಿಯಿತು, ಆ ದಿನದಂತೆಯೇ, ಮತ್ತು ಎಪ್ಪತ್ತನಾಲ್ಕು ವರ್ಷದ ಮುದುಕನಿಗೂ ಊರು ನಗುತ್ತದೆಂಬ ಭಯ ಅಷ್ಟೇ ಹಸಿಯಾಗಿ ಇರುವುದು ಕಂಡು ಆಶ್ಚರ್ಯವಾಯಿತು.

"ನಮ್ಮ ಗಣೀಲಿ ಹೊತ್ತೋ ಗಾಳಿ ಇಲ್ಲ" ಎಂದ. "ಯಾವತ್ತೂ ಇರಲಿಲ್ಲ. ಎಂಜಿನಿಯರ್ ಹೇಳಿದ್ದ."

"ಯಾವಾಗ?"

"ದೋಬ್ರೆ ಹೋಗೋಕೆ ಎರಡು ವರ್ಷ ಮುಂಚೆ."

ಲಿಕ್ಸಾಂದ್ರ ಅಲುಗಲಿಲ್ಲ. "ಹೇಳಿದ ಮೇಲೂ ಇಸ್ಕೋತಿದ್ರಾ?"

"ಹೂಂ."

"ಯಾಕೆ?"

ಬೇರೆ ಉತ್ತರಗಳಿದ್ದವು. ಹದಿನಾಲ್ಕು ವರ್ಷ ಅವುಗಳನ್ನು ಒಂದೊಂದಾಗಿ ಉಜ್ಜಿ ಹೊಳೆಸಿ ಇಟ್ಟುಕೊಂಡಿದ್ದ. "ನಂದು ತಪ್ಪು ಅನ್ನೋಕೆ ಬಾಯಿ ಬರಲಿಲ್ಲ" ಎಂದ. "ನಗ್ತೀರಿ ಅಂತ."

ಈಗ ಯಾರೂ ನಗಲಿಲ್ಲ. ಗ್ಲಿಗೋರ್ ತನ್ನ ಮುಂದಿನ ಹೂಜಿಯನ್ನು ನೋಡುತ್ತಿದ್ದ. ಲಿಕ್ಸಾಂದ್ರ ಹೂಜಿಯನ್ನು ಮೇಜಿನ ಮೇಲಿಟ್ಟು, ತಾನೇ ನೇಯ್ದ ಟವೆಲಿನ ಗಂಟಿಗೆ ಉಗುರು ಹಾಕಿದಳು. ಬೆಳಿಗ್ಗೆಯೆಲ್ಲ ಜಾರಿದ ಗಂಟು ಈಗ ಬಿಗಿದು ಕೂತಿತ್ತು. ಅವಳು ಅವಸರ ಮಾಡಲಿಲ್ಲ. ಮೇಣದಬತ್ತಿಯನ್ನು ಎಳೆದು ತೆಗೆದು ಅವನ ಮುಂದೆ ಇಟ್ಟಳು. ಒಳಮಡಿಕೆಯ ಬೂದುಬಣ್ಣದ ಬೆರಳಗುರುತು ಕಂಡಿತು. ಅದರ ಮೇಲೆ ಒಂದು ಕ್ಷಣ ಅವಳ ಕೈ ನಿಂತಿತು. ಟವೆಲನ್ನು ಮತ್ತೆ ಕಟ್ಟಿ ಹೂಜಿಯನ್ನು ಎತ್ತಿಕೊಂಡಳು.

"ನೀರು ಸಲ್ಲಲಿ" ಎಂದಳು, ಎಲ್ಲರಿಗೂ ಕೇಳುವಂತೆ. "ಮೂರು ದಿನ ಅಗೆದ ಮನುಷ್ಯ ಬಾಯಾರಬಾರದು."

ಪರ್ವು ಬತ್ತಿಯನ್ನು ಕೈಗೆತ್ತಿಕೊಂಡ. ಅವಳ ಕಡೆ ಚಾಚಿದ.

"ತಗೊಳ್ಳಮ್ಮ" ಎಂದರು ಪಾದ್ರಿಗಳು ಮೆಲ್ಲಗೆ. "ಇಷ್ಟು ಜನರ ಮುಂದೆ ನಿಜ ಹೇಳಿದಾನೆ. ದಾಟೋನಿಗೆ ಬೆಳಕು ಇಲ್ಲ ಅನ್ನಬಾರದು."

"ನಿಜ ಹೇಳಿದ್ರು ಸ್ವಾಮಿ. ಇನ್ಯಾರೂ ಹೇಳ್ತಿರಲಿಲ್ಲ, ನಂಗೆ ಗೊತ್ತು." ಅವಳು ಹೂಜಿಯನ್ನು ಸೊಂಟಕ್ಕೆ ಏರಿಸಿಕೊಂಡಳು. "ಆದ್ರೆ ಬೆಳಕು ನಾನು ತಗೊಳ್ಳಲ್ಲ."